ಚೆಕ್ ಎಂಜಿನ್ ಲೈಟ್ ಬಂದಾಗ: ದಾವಣಗೆರೆ ಕಡೆಯ ಕಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಹೊಳಲ್ಕೆರೆ, ಚಿತ್ರದುರ್ಗ ಕಡೆಯಿಂದ ಗ್ಯಾರೇಜಿಗೆ ಬರುವವರು ಎಂಜಿನ್ ಕಂಟ್ರೋಲ್ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇವೆ. ಬಹಳ ಜನ ಬರುವ ಹೊತ್ತಿಗೆ ಒಂದೆರಡು ಸೆನ್ಸರ್ ಬದಲಾಯಿಸಿ ದುಡ್ಡು ಕಳೆದುಕೊಂಡಿರುತ್ತಾರೆ. ಲೈಟ್ ಮಾತ್ರ ಹಾಗೇ ಉರಿಯುತ್ತಿರುತ್ತದೆ. ಇದು ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಅಳತೆ ಮಾಡದೆ ಯಾವ ಪಾರ್ಟನ್ನೂ ಬದಲಾಯಿಸಬೇಡಿ. ಕೆಳಗಿನ ಉತ್ತರಗಳಲ್ಲಿ ನಾವು ಹೇಳುವುದು ಮುಖ್ಯವಾಗಿ ಇಷ್ಟೇ.

ಚೆಕ್ ಎಂಜಿನ್ ಲೈಟ್ ಬಂದಿದೆ. ಗಾಡಿ ಓಡಿಸಬಹುದಾ?

ಲೈಟ್ ಒಂದೇ ಸಮ ಉರಿಯುತ್ತಿದೆಯಾ, ಮಿಣುಕುತ್ತಿದೆಯಾ ಅಂತ ಮೊದಲು ನೋಡಿ. ಒಂದೇ ಸಮ ಉರಿಯುತ್ತಿದ್ದು, ಗಾಡಿ ಮಾಮೂಲಿನ ಹಾಗೆ ಎಳೆಯುತ್ತಿದ್ದರೆ, ಟೆಂಪರೇಚರ್ ಏರದಿದ್ದರೆ, ಆಯಿಲ್ ಲೈಟ್ ಬರದಿದ್ದರೆ ನಿಧಾನಕ್ಕೆ ಓಡಿಸಿಕೊಂಡು ಬರಬಹುದು. ಒಂದೆರಡು ದಿನದಲ್ಲಿ ತೋರಿಸಿ.

ಮಿಣುಕುತ್ತಿದ್ದರೆ ಗಾಡಿ ಜೋರಾಗಿ ಮಿಸ್ ಹೊಡೆಯುತ್ತಿದೆ. ಯಾವುದೋ ಸಿಲಿಂಡರಿನ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆಗೆ ಹೋಗುತ್ತಿರುತ್ತದೆ. ಅದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿಕೊಂಡು, ಅಲ್ಲಿನ ಸಣ್ಣ ಸಣ್ಣ ರಂಧ್ರದ ಗಟ್ಟಿಯೇ ಕರಗಿಹೋಗಬಹುದು. ಪ್ಲಗ್‌ಗೆ ಕಿಡಿ ಕೊಡುವ ಒಂದು ಕಾಯಿಲ್ ಹಾಕಿಸಿದ್ದರೆ ಮುಗಿಯುತ್ತಿದ್ದ ಕೆಲಸ ಕನ್ವರ್ಟರ್ ತನಕ ಹೋದರೆ ಹತ್ತಾರು ಸಾವಿರ ರೂಪಾಯಿ. ಆಕ್ಸಿಲರೇಟರ್ ಬಿಡಿ, ಪಕ್ಕಕ್ಕೆ ನಿಲ್ಲಿಸಿ, ಟೋ ಮಾಡಿಸಿ.

ಈ ಲೈಟ್ ಹೊತ್ತಿಸುವುದು ಯಾರು?

ಇಸಿಎಂ. ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ. ಎಷ್ಟು ಗಾಳಿ ಒಳಗೆ ಬಂತು, ಎಂಜಿನ್ ಎಷ್ಟು ಬಿಸಿ ಇದೆ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಯಾವ ಜಾಗದಲ್ಲಿದೆ, ಸೈಲೆನ್ಸರಿನಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಸೆನ್ಸರ್‌ಗಳಿಂದ ಕೇಳುತ್ತಿರುತ್ತದೆ. ಅದನ್ನು ನೋಡಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಕಾಯಿಲ್, ಗಾಳಿ ಒಳಗೆ ಬಿಡುವ ಥ್ರಾಟಲ್ ನಡೆಸುತ್ತದೆ. ಬರುವ ಲೆಕ್ಕದಲ್ಲಿ ಏನೋ ಹೊಂದದಿದ್ದರೆ ಒಂದು ಕೋಡ್ ಬರೆದಿಟ್ಟುಕೊಳ್ಳುತ್ತದೆ. ಎಷ್ಟೋ ಕೋಡ್‌ಗಳಿಗೆ ಅದೇ ತಪ್ಪು ಎರಡು ಓಟದಲ್ಲಿ ಸತತವಾಗಿ ಕಂಡ ಮೇಲಷ್ಟೇ ಲೈಟ್ ಹಾಕುತ್ತದೆ. ಆದ್ದರಿಂದ ಲೈಟ್ ಬಂದ ದಿನವೇ ತೊಂದರೆ ಶುರುವಾಯಿತು ಅಂತ ಹೇಳುವ ಹಾಗಿಲ್ಲ.

ಗಾಡಿ ತನ್ನ ತಪ್ಪನ್ನು ತಾನೇ ಪತ್ತೆ ಹಚ್ಚುವ ವ್ಯವಸ್ಥೆಗೆ ಓಬಿಡಿ ಅನ್ನುತ್ತಾರೆ. ನಮ್ಮ ದೇಶದಲ್ಲಿ ಅದರ ಎರಡನೇ ಹಂತದ ನಿಯಮ 2013ರಲ್ಲಿ ಬಂತು. ಆಮೇಲಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಸಾಕೆಟ್ ಇರುತ್ತದೆ. ಕೋಡ್ ಓದುವ ಸ್ಕ್ಯಾನರ್ ಹಾಕುವುದು ಅಲ್ಲಿಗೇ.

ಸ್ಕ್ಯಾನರ್‌ನಲ್ಲಿ ಪಿ0171 ಬಂತು. ಆಕ್ಸಿಜನ್ ಸೆನ್ಸರ್ ಹೋಗಿದೆ ಅಲ್ವಾ?

ಹಾಗೆ ಹೇಳಲು ಬರುವುದಿಲ್ಲ. ಬಹಳ ದುಡ್ಡು ಪೋಲಾಗುವುದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇವೆ. ಪಿ0171 ಅಂದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗುತ್ತಿದೆ ಅಂತ ಇಸಿಎಂಗೆ ಅನ್ನಿಸಿದೆ. ಹಾಗೆ ಅನ್ನಿಸಲು ಸುದ್ದಿ ಕೊಟ್ಟದ್ದು ಆಕ್ಸಿಜನ್ ಸೆನ್ಸರ್. ಸುದ್ದಿ ತಂದವನನ್ನೇ ಹೊರಗೆ ಹಾಕಿದರೆ ಮನೆಯ ಜಗಳ ನಿಲ್ಲುತ್ತದೆಯೇ?

ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆಗೆದು ಫ್ಯೂಯಲ್ ಟ್ರಿಮ್ ನೋಡಬೇಕು. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಅಂತ ಎರಡು ಇರುತ್ತವೆ. ಲೆಕ್ಕ ಹಾಕಿದ ಪೆಟ್ರೋಲ್‌ಗಿಂತ ಇಸಿಎಂ ಎಷ್ಟು ಶೇಕಡಾ ಜಾಸ್ತಿ ಅಥವಾ ಕಮ್ಮಿ ಬಿಡುತ್ತಿದೆ ಅನ್ನುವುದೇ ಈ ಅಂಕಿ. ಸರಿಯಿರುವ ಗಾಡಿಯಲ್ಲಿ ಎರಡನ್ನೂ ಕೂಡಿದರೆ ಶೂನ್ಯದ ಆಚೀಚೆ, ಹೆಚ್ಚೆಂದರೆ 10ರ ಒಳಗೆ ಇರುತ್ತದೆ. 20 ದಾಟಿ 25ರ ಹತ್ತಿರ ಹೋದಾಗ ಸಾಮಾನ್ಯವಾಗಿ ಈ ಕೋಡ್ ಬರುತ್ತದೆ.

ಇನ್ನು ಆ ಅಂಕಿ ಯಾವಾಗ ಏರುತ್ತದೆ ನೋಡಿ. ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು, 2500 ಆರ್‌ಪಿಎಂಗೆ ರೇಸ್ ಕೊಟ್ಟಾಗ ಇಳಿದರೆ, ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ: ಮ್ಯಾನಿಫೋಲ್ಡ್ ಪ್ಯಾಕಿಂಗ್, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಬ್ರೇಕ್ ಬೂಸ್ಟರಿನ ಪೈಪ್. ಐಡ್ಲಿಂಗ್‌ನಲ್ಲಿ ಸರಿಯಿದ್ದು ಏರುಹತ್ತುವಾಗ ಏರಿದರೆ ಪೆಟ್ರೋಲ್ ಪ್ರೆಷರ್ ನೋಡಬೇಕು. ಪಂಪ್ ಸೋತಿರಬಹುದು, ಫಿಲ್ಟರ್ ಕಟ್ಟಿರಬಹುದು. ಎಲ್ಲಾ ಕಡೆ ಒಂದೇ ಥರ ಜಾಸ್ತಿ ಇದ್ದರೆ ಗಾಳಿ ಅಳೆಯುವ ಸೆನ್ಸರ್ ಕಡೆ ಕಣ್ಣು ಹಾಯಿಸಿ.

ಒಂದು ಎಚ್ಚರ. ಗಾಳಿಯ ಅಳತೆಗೆ ಮ್ಯಾಫ್ (ಒಳಬರುವ ಗಾಳಿಯನ್ನೇ ಅಳೆಯುವುದು) ಬದಲು ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒಳಗಿನ ಪ್ರೆಷರ್ ಅಳೆಯುವುದು) ಮಾತ್ರ ಇರುವ ಸಣ್ಣ ಕಾರು ನಮ್ಮಲ್ಲಿ ಜಾಸ್ತಿ. ಅವುಗಳಲ್ಲಿ ಗಾಳಿ ಸೋರಿದರೆ ಟ್ರಿಮ್ ಅಷ್ಟಾಗಿ ಏರುವುದಿಲ್ಲ, ಐಡ್ಲಿಂಗ್ ಏರುತ್ತದೆ. ಆಕ್ಸಿಜನ್ ಸೆನ್ಸರಿಗಿಂತ ಮೊದಲು ಸೈಲೆನ್ಸರ್ ಪೈಪ್ ಸೋರುತ್ತಿದ್ದರೂ ಹೊರಗಿನ ಗಾಳಿ ಸೇರಿಕೊಂಡು ಇದೇ ಕೋಡ್ ಬರಬಹುದು.

ಕೋಡ್‌ನಲ್ಲಿರುವ ಅಕ್ಷರ, ಅಂಕಿಗಳು ಏನು ಹೇಳುತ್ತವೆ?

ಪಿ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಬಿ ಅಂದರೆ ಬಾಡಿ, ಸಿ ಅಂದರೆ ಬ್ರೇಕ್, ಸ್ಟೀರಿಂಗ್ ಕಡೆಯದು, ಯು ಅಂದರೆ ಕಂಪ್ಯೂಟರ್ ಡಬ್ಬಿಗಳ ನಡುವಿನ ಮಾತುಕತೆ ಕೆಟ್ಟಿದೆ ಅಂತ. ಪಿ ಆದ ಮೇಲೆ 0 ಇದ್ದರೆ ಎಲ್ಲಾ ಕಂಪನಿಗೂ ಒಂದೇ ಅರ್ಥ. 1 ಇದ್ದರೆ ಆ ಕಂಪನಿಯದೇ ಕೋಡ್, ಬೇರೆ ಕಂಪನಿಯ ಪಟ್ಟಿ ನೋಡಿ ಅರ್ಥ ಹೇಳಬಾರದು.

ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತದೆ. ತಗೊಳ್ಳಬಹುದಾ?

ತಗೊಳ್ಳಿ. ಕೋಡ್ ಓದಲು, ಟೆಂಪರೇಚರ್, ಟ್ರಿಮ್, ಬ್ಯಾಟರಿ ವೋಲ್ಟೇಜ್ ನೋಡಲು ಸಾಕು. ಆದರೆ ಎಬಿಎಸ್, ಏರ್‌ಬ್ಯಾಗ್ ಕೋಡ್ ಬಹಳಷ್ಟರಲ್ಲಿ ಬರುವುದಿಲ್ಲ. ಇಂಜೆಕ್ಟರ್ ಕೋಡಿಂಗ್, ಡಿಪಿಎಫ್ (ಡೀಸೆಲ್ ಗಾಡಿಯ ಮಸಿ ಹಿಡಿಯುವ ಫಿಲ್ಟರ್) ಕ್ಲೀನಿಂಗ್ ಥರದ ಕೆಲಸಕ್ಕೆ ಗ್ಯಾರೇಜಿನ ಸ್ಕ್ಯಾನರೇ ಬೇಕು. ಕೆಲಸ ಆದ ಮೇಲೆ ಸಾಕೆಟ್‌ನಿಂದ ತೆಗೆದಿಡಿ. ಅಲ್ಲಿನ 16ನೇ ಪಿನ್‌ಗೆ ಬ್ಯಾಟರಿಯ ಕರೆಂಟ್ ಯಾವಾಗಲೂ ಇರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಬ್ಯಾಟರಿ ಇಳಿಯುತ್ತದೆ.

ಕೋಡ್ ಯಾವುದೇ ಇರಲಿ, ಮೊದಲು ಏನು ನೋಡಬೇಕು?

ಬ್ಯಾಟರಿ ಮತ್ತು ಅರ್ಥಿಂಗ್. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಸ್ಟಾರ್ಟ್ ಆದ ಮೇಲೆ ಸುಮಾರು 13.8ರಿಂದ 14.5 ಇರಬೇಕು. ಹೊಸ ಗಾಡಿಗಳಲ್ಲಿ ಆಲ್ಟರ್‌ನೇಟರನ್ನು ಇಸಿಎಂ ನಡೆಸುವುದರಿಂದ ಇದು ಸ್ವಲ್ಪ ಏರಿಳಿಯಬಹುದು.

ಆಮೇಲೆ ಮೀಟರಿನ ಒಂದು ವೈರ್ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಪಟ್ಟಿ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಬಿಗಿ ಮಾಡಿ. ಕಣ್ಣಿಗೆ ಚೆನ್ನಾಗೇ ಕಾಣುವ ಅರ್ಥಿಂಗ್ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅರ್ಥಿಂಗ್ ಕೆಟ್ಟಾಗ ಬರುವ ಕೋಡ್‌ಗಳು ಮಾತ್ರ ಯಾವುದೋ ಸೆನ್ಸರಿನ ಹೆಸರು ಹೇಳುತ್ತಿರುತ್ತವೆ.

ಒಂದೇ ಸಲ ನಾಲ್ಕೈದು ಕೋಡ್ ಬಂದಿವೆ. ಅಷ್ಟೂ ಸೆನ್ಸರ್ ಒಟ್ಟಿಗೆ ಹೋದವಾ?

ಅಷ್ಟೂ ಒಟ್ಟಿಗೆ ಹೋಗುವುದು ಅಪರೂಪ. ಅವೆಲ್ಲಕ್ಕೂ ಸೇರಿದ್ದು ಏನಿದೆ ಅಂತ ಹುಡುಕಬೇಕು. ಹಲವು ಸೆನ್ಸರ್‌ಗಳಿಗೆ ಇಸಿಎಂ 5 ವೋಲ್ಟ್ ಕಳಿಸುತ್ತದೆ. ಒಂದೇ ಲೈನ್ ಮೂರ್ನಾಲ್ಕು ಸೆನ್ಸರ್‌ಗೆ ಹಂಚಿಹೋಗಿರುತ್ತದೆ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಉಳಿದವೂ ಸಾಯುತ್ತವೆ.

ಚಿತ್ರದುರ್ಗ ಕಡೆಯಿಂದ ಬಂದ ಒಂದು ಕಾರಿನ ವಿಷಯ ಹೇಳಬೇಕು. ಗಾಡಿ ಎಳೆಯುತ್ತಿರಲಿಲ್ಲ, ಎಸಿ ನಿಂತಿತ್ತು, ಸ್ಟಾರ್ಟ್ ಆಗಲು ಬಹಳ ಹೊತ್ತು ಬೇಕಿತ್ತು. ಮೊದಲು ತೋರಿಸಿದ ಕಡೆ ಮ್ಯಾಪ್ ಸೆನ್ಸರ್, ಕ್ಯಾಮ್ ಸೆನ್ಸರ್ ಎರಡೂ ಹೊಸದು ಹಾಕಿದ್ದರು. ನಾವು ಮ್ಯಾಪ್ ಸೆನ್ಸರಿನ ಕಪ್ಲರ್ (ವೈರ್ ಸಿಕ್ಕಿಸುವ ಕೊಂಡಿ) ಬಿಚ್ಚಿ, ಕೀ ಆನ್ ಮಾಡಿ 5 ವೋಲ್ಟ್ ಬರಬೇಕಾದ ಪಿನ್‌ಗೆ ಮೀಟರ್ ಹಿಡಿದೆವು. ಬಂದದ್ದು 0.8. ಮೀಟರ್ ಹಾಗೇ ಇಟ್ಟುಕೊಂಡು ಅದೇ ಲೈನಿನ ಬೇರೆ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದೆವು. ಕ್ಯಾಮ್ ಸೆನ್ಸರ್ ಬಿಚ್ಚಿದಾಗ ಏನೂ ಆಗಲಿಲ್ಲ. ರೇಡಿಯೇಟರ್ ಮುಂದಿನ ಎಸಿ ಪ್ರೆಷರ್ ಸೆನ್ಸರ್ ಬಿಚ್ಚಿದ ಕೂಡಲೇ ಮೀಟರ್ 5ಕ್ಕೆ ಜಿಗಿಯಿತು. ಗಾಡಿ ಸ್ಟಾರ್ಟ್ ಆಯಿತು, ಚೆನ್ನಾಗಿ ರೇಸ್ ಆಯಿತು. ಹೋಗಿದ್ದು ಎಸಿಯ ಆ ಸಣ್ಣ ಸೆನ್ಸರ್ ಮಾತ್ರ. ಎಂಜಿನ್‌ಗೂ ಅದಕ್ಕೂ ಏನು ಸಂಬಂಧ ಅಂತ ಕಾರಿನವರು ಕೇಳಿದರು. ಆ ಒಂದು 5 ವೋಲ್ಟ್ ವೈರೇ ಸಂಬಂಧ.

ಇಲಿ ವೈರ್ ಕಡಿದಿದೆ. ಟೇಪ್ ಸುತ್ತಿದರೆ ಸಾಕಾ?

ದಾವಣಗೆರೆ ಸುತ್ತ ಮೆಕ್ಕೆಜೋಳದ ರಾಶಿ, ಗೋಡೌನ್ ಇರುವ ಕಡೆ ಗಾಡಿ ನಿಲ್ಲಿಸುವವರಿಗೆ ಇದು ಮಾಮೂಲಿ ಗೋಳು. ಚಳಿಗಾಲದಲ್ಲಿ ಬಿಸಿ ಎಂಜಿನ್ ಮೇಲೆ ಇಲಿ ಬಂದು ಕೂರುತ್ತದೆ. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಕಾಳು, ಹತ್ತಿ, ಹಿಕ್ಕೆ ಕಂಡರೆ ವೈರಿಂಗ್ ಪೂರ್ತಿ ನೋಡಲೇಬೇಕು.

ಬರೀ ಸುತ್ತಿ ಟೇಪ್ ಹಾಕಿದರೆ ಮಳೆಗಾಲದಲ್ಲಿ ಒಳಗೆ ಹಸಿರು ತುಕ್ಕು ಹಿಡಿದು ಆಗೊಮ್ಮೆ ಈಗೊಮ್ಮೆ ಬರುವ ತೊಂದರೆ ಶುರುವಾಗುತ್ತದೆ. ಅಂಥದ್ದನ್ನು ಹುಡುಕುವುದು ಬಹಳ ಕಷ್ಟ. ಅದೇ ದಪ್ಪದ ವೈರ್ ಸೇರಿಸಿ, ಸೋಲ್ಡರ್ ಅಥವಾ ಕ್ರಿಂಪ್ ಮಾಡಿ, ಒಳಗೆ ಗೋಂದು ಇರುವ ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯುವ ಕೊಳವೆ) ಹಾಕಬೇಕು. ಆಕ್ಸಿಜನ್ ಸೆನ್ಸರಿನ ವೈರಿಗೆ ಮಾತ್ರ ಸೋಲ್ಡರ್ ಬೇಡ. ಬಹಳಷ್ಟು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರಿನ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತವೆ.

ಬಿಸಿಲಲ್ಲಿ ಓಡುತ್ತಾ ಓಡುತ್ತಾ ಗಾಡಿ ಆಫ್ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತದೆ. ಯಾಕೆ?

ಏಪ್ರಿಲ್, ಮೇ ಬಿಸಿಲಲ್ಲಿ ಹಿರಿಯೂರು, ಚಿತ್ರದುರ್ಗ ನಡುವೆ ಹೀಗೆ ನಿಲ್ಲುವವರು ತುಂಬಾ ಜನ. ಎರಡು ಅನುಮಾನ ಮುಖ್ಯ. ಒಂದು ಕ್ರ್ಯಾಂಕ್ ಸೆನ್ಸರ್. ಬಿಸಿಯಾದಾಗ ಒಳಗಿನ ಸುರುಳಿ ತೆರೆದುಕೊಂಡು ಸಿಗ್ನಲ್ ನಿಲ್ಲುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಇನ್ನೊಂದು ಫ್ಯೂಯಲ್ ಪಂಪ್.

ಗಾಡಿ ನಿಂತ ಆ ಹೊತ್ತಿನಲ್ಲೇ ನೋಡಿದರೆ ಬೇಗ ಗೊತ್ತಾಗುತ್ತದೆ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರ್. 200ರ ಆಸುಪಾಸು ತೋರಿಸಿದರೆ ಸೆನ್ಸರ್ ಕೆಲಸ ಮಾಡುತ್ತಿದೆ, ಪೆಟ್ರೋಲ್ ಕಡೆ ಹೋಗಿ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರುತ್ತದಾ ಕೇಳಿ. ಗ್ಯಾರೇಜಿಗೆ ತಣ್ಣಗಾದ ಗಾಡಿ ತಂದರೆ ಎಲ್ಲವೂ ಸರಿಯಾಗೇ ಇರುತ್ತದೆ. ಅದಕ್ಕೇ ಹೈವೇಯಲ್ಲಿ ಓಡಾಡುವವರು ಸಣ್ಣ ಸ್ಕ್ಯಾನರ್ ಒಂದನ್ನು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಳ್ಳಿ ಅನ್ನುತ್ತೇವೆ.

ಗಾಡಿ ಮಿಸ್ ಹೊಡೆಯುತ್ತಿದೆ, ಪಿ0302 ಬಂದಿದೆ. ಕಾಯಿಲ್ ತರಿಸಲಾ?

ತರಿಸುವ ಮೊದಲು ಹತ್ತು ನಿಮಿಷದ ಕೆಲಸ ಮಾಡಿ. ಕೊನೆಯ 2 ಅಂದರೆ ಎರಡನೇ ಸಿಲಿಂಡರ್. ಅದರ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಹೋಗಿದೆ, ಖಾತ್ರಿ. ಮತ್ತೆ ಪಿ0302 ಬಂದರೆ ಕಾಯಿಲ್ ಚೆನ್ನಾಗಿದೆ. ಪ್ಲಗ್ಗನ್ನೂ ಇದೇ ಥರ ಅದಲು ಬದಲು ಮಾಡಿ. ಆಗಲೂ ಹೋಗದಿದ್ದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಪ್ಲಗ್ ಬಾವಿಯಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಹಾಕಿಸದೆ ಹೊಸ ಕಾಯಿಲ್ ಹಾಕಬೇಡಿ, ಅದೂ ಬೇಗ ಹೋಗುತ್ತದೆ.

ಮೈಲೇಜ್ ಬಿದ್ದಿದೆ, ಕಪ್ಪು ಹೊಗೆ ಬರುತ್ತಿದೆ, ಲೈಟ್ ಮಾತ್ರ ಬಂದಿಲ್ಲ.

ಪೆಟ್ರೋಲ್ ಗಾಡಿಯಾದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಬಿಸಿ ಎಂಜಿನ್ ಅನ್ನು ತಣ್ಣಗಿದೆ ಅಂತ ತೋರಿಸಿದರೆ ಇಸಿಎಂ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಸ್ಕ್ಯಾನರ್ ಹಾಕಿ. ಕೂಲೆಂಟ್ ಟೆಂಪರೇಚರ್, ಒಳಬರುವ ಗಾಳಿಯ ಟೆಂಪರೇಚರ್ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಹೊರಗೆ 24 ಡಿಗ್ರಿ ಇದ್ದಾಗ ಒಂದು 25, ಇನ್ನೊಂದು 5 ತೋರಿಸಿದರೆ ಸುಳ್ಳು ಯಾರದು ಅಂತ ಗೊತ್ತಾಯಿತು.

ಸೆನ್ಸರ್ ತಪ್ಪೋ ವೈರ್ ತಪ್ಪೋ? ಕಪ್ಲರ್ ಬಿಚ್ಚಿದರೆ ಸ್ಕ್ಯಾನರ್ ಮೈನಸ್ 40 ತೋರಿಸಬೇಕು. ಆ ಎರಡು ವೈರಿನ ಕಪ್ಲರಿನ ಪಿನ್‌ಗಳನ್ನು ಒಂದು ಸಣ್ಣ ವೈರಿನಿಂದ ಕೂಡಿಸಿದರೆ ಅತಿ ಬಿಸಿ, ಅಂದರೆ 120 ದಾಟಿ ತೋರಿಸಬೇಕು. ಎರಡೂ ಆದರೆ ವೈರ್, ಇಸಿಎಂ ಸರಿ ಇವೆ, ಸೆನ್ಸರ್ ಬದಲಿಸಿ. ಈ ಕೂಡಿಸುವ ಪರೀಕ್ಷೆ ಎರಡು ವೈರಿನ ಟೆಂಪರೇಚರ್ ಸೆನ್ಸರ್‌ಗೆ ಮಾತ್ರ. ಬೇರೆ ಕಪ್ಲರ್‌ನಲ್ಲಿ ಮಾಡಲು ಹೋಗಬೇಡಿ.

ಬಿಎಸ್6 ಡೀಸೆಲ್ ಗಾಡಿಯಲ್ಲಿ ಡಿಪಿಎಫ್ ಲೈಟ್ ಪದೇ ಪದೇ ಬರುತ್ತದೆ.

ಹೊಗೆಯ ನಿಯಮ ಬಿಎಸ್6 ಬಂದದ್ದು 2020ರ ಏಪ್ರಿಲ್ 1ರಿಂದ. ಹೊಗೆಯ ಮಸಿಯನ್ನು ಹಿಡಿದಿಡಲು ಡಿಪಿಎಫ್ ಇದೆ. ಮಸಿ ತುಂಬಿದಾಗ ಇಸಿಎಂ ಡೀಸೆಲ್ ಜಾಸ್ತಿ ಬಿಟ್ಟು ಅದನ್ನು ಸುಮಾರು 600 ಡಿಗ್ರಿಗೆ ಬಿಸಿ ಮಾಡಿ ಸುಡುತ್ತದೆ. ಇದಕ್ಕೆ ಹದಿನೈದಿಪ್ಪತ್ತು ನಿಮಿಷ ಬಿಡದೆ ಓಡುವ ಗಾಡಿ ಬೇಕು. ದಿನಾ ಮನೆಯಿಂದ ಪಿ.ಬಿ. ರಸ್ತೆ, ಅಲ್ಲಿಂದ ಮಾರ್ಕೆಟ್, ಮತ್ತೆ ಮನೆ ಅಂತ ಓಡಿಸಿದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಲೈಟ್ ಬಂದ ಕೂಡಲೇ ಹೈವೇಗೆ ಹೋಗಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಒಂದು ಗೇರ್ ಕಮ್ಮಿ ಇಟ್ಟು 2000 ಆರ್‌ಪಿಎಂ ಮೇಲೆ ಹಿಡಿದು ಓಡಿಸಿದರೆ ಸಾಮಾನ್ಯವಾಗಿ ದಾರಿಯಲ್ಲೇ ಲೈಟ್ ಹೋಗುತ್ತದೆ. ಚೆಕ್ ಎಂಜಿನ್ ಲೈಟೂ ಜೊತೆಗೆ ಬಂದು ಪಿಕಪ್ ಬಿದ್ದಿದ್ದರೆ ಹಾಗೆ ಓಡಿಸಬೇಡಿ, ಗ್ಯಾರೇಜಿಗೆ ತನ್ನಿ. ಆಯಿಲ್ ಮಟ್ಟವನ್ನೂ ನೋಡಿ. ಅರ್ಧಕ್ಕೆ ನಿಂತಾಗಲೆಲ್ಲ ಡೀಸೆಲ್ ಆಯಿಲ್‌ಗೆ ಸೇರಿ ಮಟ್ಟ ಏರುತ್ತದೆ. ಏರಿದ ಆಯಿಲ್ ಬದಲಾಯಿಸಲೇಬೇಕು.

ಇದರಲ್ಲೂ ಮೂಲ ಕಾರಣ ಹುಡುಕಬೇಕು. ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್) ಅಂಟಿಕೊಂಡಿದ್ದರೆ, ಇಂಜೆಕ್ಟರ್ ಸೋರುತ್ತಿದ್ದರೆ, ಟರ್ಬೋ ಪೈಪ್ ಹರಿದಿದ್ದರೆ ಮಸಿ ಬೇಗ ತುಂಬುತ್ತದೆ. ಡಿಪಿಎಫ್ ಕಿತ್ತು ಸಾಫ್ಟ್‌ವೇರ್ ತಿದ್ದಿಸಿ ಅನ್ನುವವರ ಮಾತು ಕೇಳಬೇಡಿ. ಕಾನೂನಿಗೆ ವಿರುದ್ಧ, ಜೊತೆಗೆ ಆ ಮಸಿ ಉಸಿರಾಡುವುದು ನಮ್ಮ ಮಕ್ಕಳೇ.

ಇ20 ಪೆಟ್ರೋಲ್‌ನಿಂದ ಕೋಡ್ ಬರುತ್ತದಾ?

ಇ20 ಅಂದರೆ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಅದೊಂದರಿಂದಲೇ ಬರುವುದು ಕಮ್ಮಿ. ಬರೀ ಪೆಟ್ರೋಲ್ ಒಂದು ಕೆಜಿ ಸುಡಲು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಆದ್ದರಿಂದ 20 ಶೇಕಡಾ ಎಥನಾಲ್ ಇದ್ದಾಗ ಅದೇ ಗಾಳಿಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. 10 ಶೇಕಡಾಕ್ಕೆ ಹೊಂದಿಸಿದ ಗಾಡಿಯಲ್ಲಿ ಟ್ರಿಮ್ ಸುಮಾರು 4 ಶೇಕಡಾ ಏರಬಹುದು. ಇಸಿಎಂ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಆದರೆ ಪಂಪ್ ಮೊದಲೇ ಸೋತು ಟ್ರಿಮ್ 18, 20ರಲ್ಲಿ ಇದ್ದ ಗಾಡಿಯಲ್ಲಿ ಈ ನಾಲ್ಕೇ ಸಾಕು, ಲೈಟ್ ಬರುತ್ತದೆ. ಹಳೆಯ ಗಾಡಿಯಲ್ಲಿ ರಬ್ಬರ್ ಪೈಪ್‌ಗಳನ್ನು ಸರ್ವಿಸ್ ಮಾಡಿಸುವಾಗಲೆಲ್ಲ ನೋಡಿಸಿ.

ಗಣಿ ರಸ್ತೆ ಧೂಳಲ್ಲಿ ಓಡಿಸುತ್ತೇನೆ. ಏನು ಜಾಗ್ರತೆ ಬೇಕು?

ಏರ್ ಫಿಲ್ಟರ್ ಕಿಲೋಮೀಟರ್ ಲೆಕ್ಕ ಕಾಯದೆ ಬದಲಾಯಿಸಿ. ಮ್ಯಾಫ್ ಸೆನ್ಸರ್ ಇದ್ದರೆ ಅದರ ತೆಳು ತಂತಿಗೆ ಬಟ್ಟೆ, ಬ್ರಷ್, ಜೋರು ಗಾಳಿ ತಾಗಿಸಬೇಡಿ. ಅದಕ್ಕೆಂದೇ ಬರುವ ಕ್ಲೀನರ್ ಸ್ಪ್ರೇ ಸಾಕು. ಥ್ರಾಟಲ್ ಕ್ಲೀನ್ ಮಾಡುವಾಗ ಕೀ ಆನ್ ಇಟ್ಟು ಬೆರಳಿನಿಂದ ತಟ್ಟೆ ತಳ್ಳಬಾರದು, ಒಳಗಿನ ಹಲ್ಲು ಮುರಿಯುತ್ತದೆ. ಕ್ಲೀನ್ ಆದ ಮೇಲೆ ಐಡ್ಲಿಂಗ್ ಹೊಸದಾಗಿ ಕಲಿಸಬೇಕು.

ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ಲೈಟ್ ಹೋಗುತ್ತದಲ್ವಾ?

ಹೋಗಬಹುದು, ತೊಂದರೆ ಹೋಗುವುದಿಲ್ಲ. ಜೊತೆಗೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ಕೋಡ್ ಬಂದ ಕ್ಷಣದಲ್ಲಿ ಸ್ಪೀಡ್ ಎಷ್ಟಿತ್ತು, ಎಂಜಿನ್ ಬಿಸಿ ಎಷ್ಟಿತ್ತು, ಲೋಡ್ ಎಷ್ಟಿತ್ತು ಅಂತ ಇಸಿಎಂ ಬರೆದಿಟ್ಟ ಚೀಟಿ ಅದು. ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಆಮೇಲೆ ಅಳಿಸಿ. ನಿಜವಾಗಿ ರಿಪೇರಿ ಆಗಿದ್ದರೆ ಮೂರು ಒಳ್ಳೆಯ ಓಟದ ನಂತರ ಲೈಟ್ ತಾನಾಗೇ ಆರುತ್ತದೆ.

ಗ್ಯಾರೇಜಿಗೆ ಬಂದಾಗ ಏನು ಹೇಳಬೇಕು, ಏನು ಕೇಳಬೇಕು?

ಯಾವಾಗ ಆಗುತ್ತದೆ ಅಂತ ಹೇಳಿ. ಬೆಳಿಗ್ಗೆ ಮೊದಲ ಸ್ಟಾರ್ಟಿಗಾ, ಎಸಿ ಹಾಕಿದಾಗಲಾ, ಮಳೆಯಲ್ಲಾ, ಟ್ಯಾಂಕ್ ಖಾಲಿಯಾಗುತ್ತಾ ಬಂದಾಗಲಾ. ಇತ್ತೀಚೆಗೆ ಏನೇನು ಕೆಲಸ ಮಾಡಿಸಿದ್ದೀರಿ, ಎಂಜಿನ್‌ಗೆ ನೀರು ಹೊಡೆಸಿದ್ದೀರಾ, ಸಿಎನ್‌ಜಿ ಕಿಟ್, ಹೊಸ ಹಾರ್ನ್, ಮ್ಯೂಸಿಕ್ ಸಿಸ್ಟಮ್ ಹಾಕಿಸಿದ್ದೀರಾ, ಮುಚ್ಚಿಡದೆ ಹೇಳಿ. ಪಾರ್ಟ್ ಬದಲಿಸಬೇಕು ಅಂದರೆ, "ಏನು ಅಳತೆ ಮಾಡಿದಿರಿ, ಎಷ್ಟು ಬಂತು, ಎಷ್ಟು ಬರಬೇಕಿತ್ತು?" ಅಂತ ಕೇಳಿ. ಇದು ನಿಮ್ಮ ಹಕ್ಕು. ಕೆಲಸ ಗೊತ್ತಿರುವ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ, ಮೀಟರ್ ತೋರಿಸುತ್ತಾರೆ. ಹುಡುಕಿದ್ದಕ್ಕೆ ಕೂಲಿ ಕೇಳಿದರೆ ಕೊಡಿ. ಎರಡು ಗಂಟೆ ಹುಡುಕಿ ಒಂದು ವೈರ್ ಸರಿ ಮಾಡಿದವರು ನಿಮಗೆ ಮೂರು ಸೆನ್ಸರಿನ ದುಡ್ಡು ಉಳಿಸಿರುತ್ತಾರೆ.

ಇಸಿಎಂ ಹೋಗಿದೆ ಅಂದರು. ನಂಬಬಹುದಾ?

ಇಸಿಎಂ ಹೋಗುವುದು ಕಮ್ಮಿ, ಹೋಗುವುದೇ ಇಲ್ಲ ಅಂತಲ್ಲ. ನೀರು ನುಗ್ಗಿದ್ದರೆ, ಬ್ಯಾಟರಿ ಉಲ್ಟಾ ಜೋಡಿಸಿದ್ದರೆ, ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡಿಸಿದ್ದರೆ ಹೋಗಿರಬಹುದು. ಒಪ್ಪುವ ಮೊದಲು ನಾಲ್ಕು ಅಳತೆ ಕೇಳಿ. ಇಸಿಎಂ ಕಪ್ಲರ್‌ಗೆ ಬ್ಯಾಟರಿ ಕರೆಂಟ್ ಬರುತ್ತಿದೆಯಾ? ಮೇನ್ ರಿಲೇ ಮೂಲಕ ಬರಬೇಕಾದ್ದೂ ಬರುತ್ತಿದೆಯಾ? ಅರ್ಥಿಂಗ್ ವೈರ್‌ಗಳೆಲ್ಲ ಸರಿ ಇವೆಯಾ? ಸೆನ್ಸರ್‌ಗಳನ್ನೆಲ್ಲ ಬಿಚ್ಚಿದ ಮೇಲೂ 5 ವೋಲ್ಟ್ ಬರುತ್ತಿಲ್ಲವಾ?

ಸ್ಕ್ಯಾನರ್ ಜೊತೆ ಮಾತೇ ಆಡುತ್ತಿಲ್ಲ ಅಂದರೆ, ಬ್ಯಾಟರಿ ಬಿಚ್ಚಿ, 16 ಪಿನ್ನಿನ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ಸ್ ನೋಡಿ. ಡಬ್ಬಿಗಳು ಮಾತಾಡುವ ಎರಡು ವೈರ್ ಬರುವುದು ಅಲ್ಲಿಗೆ. ಬಹಳಷ್ಟು ಗಾಡಿಗಳಲ್ಲಿ 60 ಹತ್ತಿರ ಬರಬೇಕು. 120 ಬಂದರೆ ಲೈನ್ ಎಲ್ಲೋ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಅಷ್ಟೂ ಸರಿ ಇದ್ದು ಇಸಿಎಂ ಕೆಲಸ ಮಾಡದಿದ್ದರೆ ಆಗ ಬದಲಿಸುವ ಮಾತು. ಗುಜರಿಯಿಂದ ತಂದ ಇಸಿಎಂ ಹಾಗೇ ಹಾಕಿದರೆ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗಲು ಬಿಡದ ವ್ಯವಸ್ಥೆ) ಇರುವ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೀ ಜೊತೆ ಹೊಂದಿಸಿ ಪ್ರೋಗ್ರಾಮ್ ಮಾಡಿಸಬೇಕು. ಅದರ ಖರ್ಚನ್ನೂ ಸೇರಿಸಿ ರೇಟ್ ಹೇಳಿ ಅಂತ ಮೊದಲೇ ಕೇಳಿಬಿಡಿ. ಹಳೆಯ ಇಸಿಎಂ ವಾಪಸ್ ಇಸಿದುಕೊಳ್ಳಿ.